ಜಾತಿ ಕೂಗಿ ಹೇಳುವ ತರಗತಿ, ಮನೆಮಾತು ಕೇಳದ ಪಾಠ

“ಸ್ಕಾಲರ್‌ಶಿಪ್ ಅರ್ಜಿ ಬಂದಿದೆ, ಎಸ್.ಸಿ., ಎಸ್.ಟಿ. ಮಕ್ಕಳೆಲ್ಲ ಎದ್ದು ನಿಲ್ಲಿ.”

ಸರ್ಕಾರಿ ಶಾಲೆಯಲ್ಲಿ ಓದಿದ ಬಹುತೇಕ ಕನ್ನಡಿಗರು ಈ ಮಾತನ್ನು ಒಂದಲ್ಲ ಒಂದು ದಿನ ಕೇಳಿರುತ್ತಾರೆ. ಹೇಳುವ ಮೇಷ್ಟ್ರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಕ್ಕಿಲ್ಲ. ಸಂಜೆಯೊಳಗೆ ಬಿಇಒ ಕಚೇರಿಗೆ ಪಟ್ಟಿ ಹೋಗಬೇಕು, ಜಾತಿ ಪ್ರಮಾಣಪತ್ರದ ಆರ್.ಡಿ. ನಂಬರ್ ಬೇಕು, ಪಾಸ್‌ಬುಕ್ಕಿನ ಜೆರಾಕ್ಸ್ ಬೇಕು. ಆದರೆ ಎದ್ದು ನಿಂತವರ ಕಡೆಗೆ ಉಳಿದ ಮಕ್ಕಳು ತಿರುಗಿ ನೋಡುತ್ತಾರಲ್ಲ, ಆ ಅರ್ಧ ನಿಮಿಷದಲ್ಲಿ ತರಗತಿ ಎರಡಾಗುತ್ತದೆ. ನಿನ್ನೆಯವರೆಗೆ ಕಬಡ್ಡಿ ಆಟದಲ್ಲಿ ಜೊತೆಗಿದ್ದವನ ಮನೆ ಊರಿನ ಯಾವ ದಿಕ್ಕಿಗಿದೆ ಎಂಬುದು ಇವತ್ತು ಎಲ್ಲರಿಗೂ ನೆನಪಾಗುತ್ತದೆ. ಅವನಿಗೂ ನೆನಪಾಗುತ್ತದೆ.

ಆ ನೆನಪು ಮಗುವಿನ ಕಲಿಕೆಗೆ ಏನು ಮಾಡುತ್ತದೆಂದು ಅಳೆದು ನೋಡಿದವರಿದ್ದಾರೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಾಡಿನ 6 ಮತ್ತು 7ನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ದಾರಿ ಹುಡುಕುವ ಒಗಟು ಕೊಟ್ಟರು. ಮೇಲ್ಜಾತಿಯವರು 321, ಕೆಳಜಾತಿಯವರು 321. ಯಾರ ಜಾತಿಯನ್ನೂ ಹೇಳದೆ ಒಗಟು ಬಿಡಿಸಲು ಹೇಳಿದಾಗ ಎರಡೂ ಗುಂಪಿನ ಮಕ್ಕಳು ಹೆಚ್ಚುಕಡಿಮೆ ಸಮಸಮವಾಗಿ ಬಿಡಿಸಿದರು. ಹುಡುಗನ ಹೆಸರು, ಊರು, ತಂದೆ ಮತ್ತು ಅಜ್ಜನ ಹೆಸರಿನೊಂದಿಗೆ ಜಾತಿಯನ್ನೂ ಎಲ್ಲರೆದುರು ಓದಿ ಹೇಳಿ ಅದೇ ಒಗಟು ಕೊಟ್ಟಾಗ, ಕೆಳಜಾತಿಯ ಹುಡುಗರು ಬಿಡಿಸಿದ್ದು ಐದನೇ ಒಂದರಷ್ಟು ಕಡಿಮೆಯಾಯಿತು. ಮಕ್ಕಳ ಬುದ್ಧಿ ಅಷ್ಟೇ ಇತ್ತು, ಒಗಟೂ ಅಷ್ಟೇ ಇತ್ತು. ಬದಲಾದದ್ದು ಕೂಗಿ ಹೇಳಿದ ಒಂದು ಮಾತು. 2004ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನಮ್ಮ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ (ಡಯಟ್), ಡಿ.ಎಲ್.ಎಡ್. ತರಗತಿಗಳಲ್ಲಿ ಪಾಠವಾಗಿ ಓದಿಸಬೇಕು.

ಮಗುವಿನ ಗುರುತಿನಲ್ಲಿ ಕೆಲವು ಸಂಗತಿಗಳು ಸರ್ಕಾರಕ್ಕೆ ಗೊತ್ತಿದ್ದರೆ ಸಾಕು. ಕೆಲವು ಪಾಠ ಮಾಡುವವರಿಗೆ ಗೊತ್ತಿರಲೇಬೇಕು. ಜಾತಿ, ಆದಾಯ, ಮೀಸಲಾತಿಯ ಪ್ರವರ್ಗ ಮೊದಲನೆಯ ಸಾಲಿನವು. ಮನೆಯಲ್ಲಿ ಆಡುವ ಮಾತು, ಅಪ್ಪ ಅಮ್ಮ ಮಾಡುವ ಕೆಲಸ, ವರ್ಷದಲ್ಲಿ ಎಷ್ಟು ತಿಂಗಳು ಮನೆಗೆ ಬೀಗ ಬಿದ್ದಿರುತ್ತದೆ ಎಂಬುದು ಎರಡನೆಯ ಸಾಲಿನವು. ಕರ್ನಾಟಕದ ಶಾಲೆಗಳಲ್ಲಿ ಇವೆರಡೂ ಅದಲುಬದಲಾಗಿವೆ. ಕಡತದಲ್ಲಿ ಇರಬೇಕಾದದ್ದು ತರಗತಿಯಲ್ಲಿ ಕೇಳಿಸುತ್ತಿದೆ, ತರಗತಿಗೆ ಬರಬೇಕಾದದ್ದು ದಾಖಲಾತಿ ಪುಸ್ತಕದ ಕಾಲಂನಲ್ಲೇ ಉಳಿದಿದೆ. ಇದನ್ನು ಸರಿಪಡಿಸದೆ ಎಷ್ಟು ಸ್ಮಾರ್ಟ್ ಬೋರ್ಡ್ ತಂದರೂ ಫಲ ಅರ್ಧವೇ.

ಮಾತು ಗಾಳಿಯಲ್ಲಿ ನಿಲ್ಲಬಾರದು, ಒಂದು ನೆಲ ಬೇಕು. ಸೊರಬ ತಾಲ್ಲೂಕಿನ ಜಡೆ ಹೋಬಳಿಯನ್ನು ತೆಗೆದುಕೊಳ್ಳಬಹುದು. ಒಂದು ಕಡೆ ಬನವಾಸಿ, ಇನ್ನೊಂದು ಕಡೆ ಆನವಟ್ಟಿ. ಅದನ್ನು ದಾಟಿದರೆ ಹಾನಗಲ್ಲು, ಆಗ್ನೇಯಕ್ಕೆ ಹೊರಟರೆ ಶಿರಾಳಕೊಪ್ಪ, ಶಿಕಾರಿಪುರ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಸೆರಗು ಇದು. ಭತ್ತ, ಅಡಿಕೆ, ಮೆಕ್ಕೆಜೋಳ, ಶುಂಠಿ ಬೆಳೆಯುವ ಊರುಗಳು. ಜಡೆಯಲ್ಲಿ ವೀರಶೈವ ಸಂಸ್ಥಾನ ಮಠವಿದೆ. ಸೊರಬದ ಉದ್ದಗಲಕ್ಕೂ ದೀವರು ಹೆಚ್ಚಿನ ಸಂಖ್ಯೆಯಲ್ಲಿದ್ದಾರೆ. ಶಿಕಾರಿಪುರದ ಕಡೆ ಲಂಬಾಣಿ ತಾಂಡಾಗಳು ಸಾಲುಸಾಲು. ಶಿರಾಳಕೊಪ್ಪದಲ್ಲಿ ಉರ್ದು ಮನೆಮಾತಿನವರು ಬಹಳ. ಕನ್ನಡ ಮಾತಾಡುವವರಲ್ಲೂ ಹಾನಗಲ್ಲಿನ ಸೀಮೆಯ ಧಾಟಿ ಬೇರೆ, ಸಾಗರದ ಕಡೆಯ ಧಾಟಿ ಬೇರೆ. ಸೊರಬ, ಶಿಕಾರಿಪುರ ಈ ಎರಡು ತಾಲ್ಲೂಕುಗಳ ಯಾವ ಶಾಲೆಯ ಒಂದನೇ ತರಗತಿಗೆ ಹೋದರೂ ಒಂದೇ ಚಾಪೆಯ ಮೇಲೆ ಇಷ್ಟು ಬಗೆಯ ಮನೆಗಳ ಮಕ್ಕಳು ಕೂತಿರುತ್ತಾರೆ. ಕೈಯಲ್ಲಿರುವುದು ಮಾತ್ರ ಒಂದೇ ಪಠ್ಯಪುಸ್ತಕ.

ಓದಲು ಹೋದವನ ಗುರುತಿಗೆ ಪೆಟ್ಟು ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಸೀಮೆಯಲ್ಲಿ ಕಲ್ಲಿನ ಸಾಕ್ಷಿಯೇ ಇದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನ, 5ನೇ ಶತಮಾನದ್ದು, ಕುಬ್ಜ ಎಂಬ ಕವಿ ರಚಿಸಿದ್ದು. ಮಯೂರಶರ್ಮ ತನ್ನ ಗುರು ವೀರಶರ್ಮನೊಂದಿಗೆ ಕಂಚಿಯ ಘಟಿಕಾಸ್ಥಾನಕ್ಕೆ ಹೆಚ್ಚಿನ ಓದಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರರೊಂದಿಗೆ ಜಗಳವಾಯಿತು. ಬ್ರಾಹ್ಮಣನೆಂಬ ಕಾರಣಕ್ಕೆ ಕ್ಷತ್ರಿಯರೆದುರು ತಾನು ಕೀಳಾದೆನೆಂಬ ನೋವು ಅವನನ್ನು ಕಾಡಿತು. ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ. ಕದಂಬ ರಾಜ್ಯ ಹುಟ್ಟಿದ ಕಥೆಯಾಗಿ ಇದನ್ನು ಪ್ರತಿ ಕನ್ನಡ ಮಗುವೂ ಓದುತ್ತದೆ. ವಿದ್ಯಾರ್ಥಿಯೊಬ್ಬ ಅವಮಾನದಿಂದ ಓದು ಬಿಟ್ಟ ಕಥೆಯಾಗಿಯೂ ಅದನ್ನು ಓದಬೇಕು. ಮಯೂರನಿಗೆ ಕತ್ತಿ ಹಿಡಿಯುವಷ್ಟು ಆಸರೆಯಿತ್ತು. ಆಸರೆಯಿಲ್ಲದವರು ಸದ್ದಿಲ್ಲದೆ ಶಾಲೆ ಬಿಡುತ್ತಾರೆ, ಅವರ ಬಗ್ಗೆ ಯಾರೂ ಶಾಸನ ಬರೆಸುವುದಿಲ್ಲ.

ತಾಳಗುಂದದ ಪಕ್ಕದಲ್ಲೇ ಬಳ್ಳಿಗಾವಿ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕಾಳಾಮುಖರ ಕೋಡಿಯ ಮಠವನ್ನು ಕ್ರಿ.ಶ. 1162ರ ಶಾಸನವೊಂದು ವಿವರವಾಗಿ ಬಣ್ಣಿಸುತ್ತದೆ. ನಾಲ್ಕು ವೇದ, ಅವುಗಳ ಅಂಗಗಳು, ಷಡ್ದರ್ಶನ, ಹದಿನೆಂಟು ಪುರಾಣ, ಕಾವ್ಯ, ನಾಟಕಗಳನ್ನು ಅಲ್ಲಿ ಕಲಿಸುತ್ತಿದ್ದರು. ವ್ಯಾಕರಣದಲ್ಲಿ ಪಾಣಿನಿಯ ಜೊತೆಗೆ ಜೈನ ಪರಂಪರೆಯ ಶಾಕಟಾಯನವೂ ಇತ್ತು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ಕುಣಿಯುವವರಿಗೆ, ಬೇರೆ ಮತದ ಸನ್ಯಾಸಿಗಳಿಗೆ ಕೂಡ ಅಲ್ಲಿ ಅನ್ನ ಸಿಗುತ್ತಿತ್ತು. ರೋಗಿಗಳಿಗೆ ಔಷಧವಿತ್ತು. 860 ವರ್ಷಗಳ ಹಿಂದೆ ಒಂದು ವಿದ್ಯಾಕೇಂದ್ರ ಹೀಗಿತ್ತು ಎಂದು ಈ ಸೀಮೆಯ ಜನ ಎದೆಯುಬ್ಬಿಸಿ ಹೇಳಿಕೊಳ್ಳಬಹುದು.

ಆದರೂ ಆ ಶಾಸನವನ್ನು ಗೌರವದಿಂದ ಓದುವವರು ಒಂದು ಪ್ರಶ್ನೆಯನ್ನೂ ಕೇಳಬೇಕು. ಅನ್ನದ ಪಟ್ಟಿ ಇಷ್ಟು ಉದ್ದವಿದೆ, ಅಕ್ಷರ ಯಾರಿಗೆ ಸಿಕ್ಕಿತು? ಪಾಠದ ಪಟ್ಟಿಯಲ್ಲಿರುವುದೆಲ್ಲ ಸಂಸ್ಕೃತದ ವಿದ್ಯೆ. ಉಳುವವನ ಮಗ, ಮಡಿ ಮಾಡುವವಳ ಮಗಳು ಉಣ್ಣುವ ಸಾಲಿನಲ್ಲಿ ಕೂತಿರಬಹುದು. ಓದುವ ಸಾಲಿನಲ್ಲಿ ಕೂತಿದ್ದರೆಂದು ನಂಬುವುದು ಕಷ್ಟ.

ಅದೇ ಕಾಲದಲ್ಲಿ ಕಲ್ಯಾಣದಲ್ಲಿ ಇನ್ನೊಂದು ಬಗೆಯ ಕಲಿಕೆ ನಡೆದಿತ್ತು. ಅದಕ್ಕೆ ಹೋದವರಲ್ಲಿ ಈ ನೆಲದವರೇ ಮುಂದಿದ್ದರು. ಅಲ್ಲಮಪ್ರಭು ಬಳ್ಳಿಗಾವಿಯವನು, ಅಕ್ಕಮಹಾದೇವಿ ಉಡುತಡಿಯವಳು. ಶರಣರ ಮನೆಯಂಗಳ ಗುಡಿಸುವ ಕಾಯಕದ ಸತ್ಯಕ್ಕ ಶಿಕಾರಿಪುರ ತಾಲ್ಲೂಕಿನ ಹಿರೇಜಂಬೂರಿನವಳು. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಎಂಬ ಹೆಸರುಗಳನ್ನು ನೋಡಿದರೆ ಅಲ್ಲಿ ಯಾರೂ ತಮ್ಮ ಗುರುತನ್ನು ಮುಚ್ಚಿಡಲಿಲ್ಲ ಎಂಬುದು ಕಾಣುತ್ತದೆ. ದೋಣಿ ನಡೆಸುವವನು ದೋಣಿಯ ಮಾತಿನಲ್ಲೇ ತತ್ವ ಹೇಳಿದ, ಕಸ ಗುಡಿಸುವವಳು ಕಸಬರಿಗೆ ಕೈಯಲ್ಲಿಟ್ಟುಕೊಂಡೇ ವಾದ ಮಾಡಿದಳು. ಗುರುತನ್ನು ಇನ್ನೊಬ್ಬರು ಎದ್ದು ನಿಲ್ಲಿಸಿ ಹೇಳಿಸಲಿಲ್ಲ, ಅವರವರೇ ತಮ್ಮ ಮಾತಿನಲ್ಲಿ ಹೇಳಿಕೊಂಡರು. ಮಗುವಿನ ಮನೆಯನ್ನು ಪಾಠದೊಳಗೆ ಕರೆದುಕೊಳ್ಳುವುದಕ್ಕೂ ಮಗುವಿಗೆ ಜಾತಿಯ ಚೀಟಿ ಅಂಟಿಸುವುದಕ್ಕೂ ಇರುವ ಅಂತರ ಇಷ್ಟೇ, ಮತ್ತು ಅದು ಬಹಳ ದೊಡ್ಡದು.

ಬ್ರಿಟಿಷರ ಕಾಲದ ಶಾಲೆ ಬಂದಾಗ ಬಾಗಿಲು ತಾನಾಗಿ ತೆರೆಯಲಿಲ್ಲ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಮಹಾರ್ ಸಮುದಾಯದ ಬಾಲಕನೊಬ್ಬ ಸೇರಲು ಬಂದ. ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ನ್ಯಾಯ ಹುಡುಗನ ಕಡೆಗಿದೆ, ಆದರೆ ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಟ್ಟು ಹೋಗುತ್ತಾರೆ ಎಂಬ ಅರ್ಥದ ಉತ್ತರ ಬಂತು. ಇಂಗ್ಲೆಂಡಿನಲ್ಲಿದ್ದ ಕಂಪನಿಯ ನಿರ್ದೇಶಕರು ಆಮೇಲೆ, ಸರ್ಕಾರದ ಹಣದಲ್ಲಿ ನಡೆಯುವ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಹೇಳಿದರು. ಹುಡುಗನಿಗೆ ಅದರಿಂದ ಪ್ರಯೋಜನವಾಗುವ ಹೊತ್ತು ಮೀರಿತ್ತು. ಅಂಬೇಡ್ಕರ್ ಅವರ ಬರಹಗಳಲ್ಲಿ ಈ ಧಾರವಾಡದ ಪ್ರಕರಣ ಬರುತ್ತದೆ. ಮುಂದೆ ಅಂಬೇಡ್ಕರ್ ಅವರೇ ಗೋಣಿಚೀಲದ ಮೇಲೆ ಬೇರೆ ಕೂತು, ಜವಾನ ನೀರು ಹನಿಸಿದರೆ ಮಾತ್ರ ಕುಡಿಯುತ್ತ ಓದಿದರು.

ಅದೆಲ್ಲ ಹಳೆಯ ಕಾಲದ ಮಾತೆಂದು ಬಿಡುವಂತಿದ್ದರೆ ಎಷ್ಟು ಚೆನ್ನಾಗಿತ್ತು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ವಿಡಿಯೊ ಹೊರಬಂತು. ಪ್ರಾಂಶುಪಾಲರ ಬಂಧನವಾಯಿತು. ಬಡ ಮಕ್ಕಳಿಗೆಂದೇ ಕಟ್ಟಿದ ಶಾಲೆಯಲ್ಲಿ, ಗುಂಡಿಗಿಳಿಯಲು ಯಾರನ್ನು ಕರೆಯಬೇಕೆಂಬುದು ಯಾರೂ ಹೇಳಿಕೊಡದೆ ಗೊತ್ತಿತ್ತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ದಂಡನೆಯನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು.

ಜಾತಿಯ ಮಾತು ಇಷ್ಟು ಗಟ್ಟಿಯಾಗಿ ಕೇಳಿಸುವ ಶಾಲೆಯಲ್ಲಿ ಮನೆಮಾತಿನ ವಿಷಯ ಬಂದಾಗ ಮೌನ. ತಾಂಡಾದ ಮಗು ಆರು ವರ್ಷ ಯಾಡಿ, ಪಾಣಿ, ಬಾಟಿ ಎನ್ನುತ್ತ ಬೆಳೆದು ಶಾಲೆಗೆ ಬರುತ್ತದೆ. ಮೇಷ್ಟ್ರು ಒಳ್ಳೆಯವರೇ, ಆದರೆ ಲಂಬಾಣಿಗರ ಮನೆಮಾತಾದ ಗೋರ್ ಬೋಲಿ ಅವರಿಗೆ ಬಾರದು. ಮಗು ಸುಮ್ಮನೆ ಕೂರುತ್ತದೆ. ಸುಮ್ಮನೆ ಕೂತದ್ದಕ್ಕೆ ‘ಮಂದ’ ಎಂಬ ಹೆಸರು ಬರುತ್ತದೆ. ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮ ಕಾಫಿ ತೋಟಕ್ಕೋ ಕಬ್ಬು ಕಡಿಯಲಿಕ್ಕೋ ಗುಳೆ ಹೊರಟರೆ ಮಗುವೂ ಹೊರಡುತ್ತದೆ. ತಿಂಗಳುಗಟ್ಟಲೆ ಬಿಟ್ಟು ತಿರುಗಿ ಬಂದಾಗ ಪಾಠ ಎಲ್ಲೋ ಹೋಗಿರುತ್ತದೆ. ಹಾಜರಿ ಪುಸ್ತಕದಲ್ಲಿ ಅದು ‘ದೀರ್ಘ ಗೈರು’. ತಪ್ಪು ಮಗುವಿನದು ಎಂಬಂತೆ ಆ ಎರಡು ಪದ ಕೂತಿರುತ್ತವೆ.

ಇದೇ ಕಷ್ಟ ಕನ್ನಡದ ಮಕ್ಕಳಿಗೆ ಬಂದಾಗ ನಾವು ಸುಮ್ಮನಿರುವುದಿಲ್ಲ. ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗಲೆಲ್ಲ ಅಲ್ಲಿನ ಪೋಷಕರು, ಮಕ್ಕಳು ಪ್ರತಿಭಟಿಸಿದ್ದಾರೆ. ಕೇರಳ 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡುವ ಕಾಯ್ದೆ ತಂದಾಗ ಕರ್ನಾಟಕವೂ ಕಾಸರಗೋಡಿನ ಕನ್ನಡ ಮಕ್ಕಳ ಪರವಾಗಿ ದನಿಯೆತ್ತಿತು. ಮರುವರ್ಷ ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಬಂದಾಗ ಜನ ಚಿತ್ರಮಂದಿರ ತುಂಬಿಸಿದರು. ಅರ್ಥವಾಗದ ಭಾಷೆಯಲ್ಲಿ ಪಾಠ ಕೇಳುವ ಮಗುವಿನ ಸಂಕಟ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿದೆ. ಹಾಗಿದ್ದ ಮೇಲೆ ಶಿಕಾರಿಪುರದ ತಾಂಡಾದ ಮಗುವಿನ ಸಂಕಟವೂ ಗೊತ್ತಾಗಬೇಕು. ಆ ಮಗು ಕನ್ನಡ ಕಲಿಯಲೇಬೇಕು, ಚೆನ್ನಾಗಿ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ತನ್ನ ಮಾತಿನ ಮೆಟ್ಟಿಲು ಹತ್ತಿ ಕನ್ನಡಕ್ಕೆ ಬಂದರೆ ಗಟ್ಟಿಯಾಗಿ ಕಲಿಯುತ್ತದೆ ಎಂಬುದಷ್ಟೇ ಇಲ್ಲಿನ ವಾದ. ಒಡಿಶಾ ಸರ್ಕಾರ 2006ರ ಹೊತ್ತಿಗೇ ಹತ್ತು ಬುಡಕಟ್ಟು ಭಾಷೆಗಳಲ್ಲಿ ಆರಂಭದ ತರಗತಿಗಳ ಪುಸ್ತಕ ಮಾಡಿ, ಅಲ್ಲಿಂದ ಒಡಿಯಾಕ್ಕೆ ಮಕ್ಕಳನ್ನು ದಾಟಿಸುವ ಕೆಲಸ ಶುರುಮಾಡಿತು. ನಮ್ಮಲ್ಲೂ ತುಳುವಿಗೆ 2010ರಿಂದ ತೃತೀಯ ಭಾಷೆಯ ಸ್ಥಾನ ಸಿಕ್ಕಿದೆ. ಗೋರ್ ಬೋಲಿಯಲ್ಲಿ ಒಂದು ಕಥೆಪುಸ್ತಕ, ನಾಲ್ಕು ಹಾಡು ಒಂದನೇ ತರಗತಿಗೆ ಬಂದರೆ ಕನ್ನಡಕ್ಕೆ ಕುಂದೇನೂ ಆಗದು.

ಕನ್ನಡ ಮನೆಮಾತಿನ ಮಕ್ಕಳೂ ಇದರಿಂದ ಹೊರಗಿಲ್ಲ. ಜಡೆ, ಆನವಟ್ಟಿಯ ಕಡೆಯ ಮಗು ಮನೆಯಲ್ಲಿ ಆಡುವಂತೆ ಬರೆದರೆ ಕೆಂಪು ಗೆರೆ. ಆಡಿದರೆ ‘ಸರಿಯಾಗಿ ಮಾತಾಡು’ ಎಂಬ ಗದರಿಕೆ. ಬರವಣಿಗೆಯ ಕನ್ನಡ ಕಲಿಸುವುದು ಶಾಲೆಯ ಕರ್ತವ್ಯ, ಆದರೆ ಅಮ್ಮನ ಮಾತೇ ತಪ್ಪು ಎಂದು ಕಲಿಸುವುದು ಕರ್ತವ್ಯವಲ್ಲ.

ಪಾಠದ ರೀತಿ ಬದಲಾದರೆ ಮಗುವಿನ ಸ್ಥಾನವೂ ಬದಲಾಗುತ್ತದೆ. ಇದಕ್ಕೆ ಕರ್ನಾಟಕದ್ದೇ ಆದ ದೊಡ್ಡ ಉದಾಹರಣೆ ನಲಿಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳ ಕ್ರಮ ನೋಡಿ ಬಂದು, ಯೂನಿಸೆಫ್ ನೆರವಿನಿಂದ ಇದನ್ನು ತಾವೇ ಕಟ್ಟಿದರು. ಆದಿವಾಸಿ ಹಾಡಿಗಳಿರುವ ತಾಲ್ಲೂಕು ಅದು. ಮಕ್ಕಳು ಬಿಟ್ಟುಬಿಟ್ಟು ಶಾಲೆಗೆ ಬರುತ್ತಿದ್ದರು. ಆದ್ದರಿಂದ ಎಲ್ಲರಿಗೂ ಒಂದೇ ದಿನ ಒಂದೇ ಪಾಠ ಎಂಬುದನ್ನೇ ಕೈಬಿಟ್ಟರು. ಕಲಿಕೆಯ ಏಣಿ ಗೋಡೆಯ ಮೇಲೆ ಬಂತು. ಮಗು ಎಲ್ಲಿ ನಿಲ್ಲಿಸಿತ್ತೋ ಅಲ್ಲಿಂದಲೇ ಮುಂದೆ ಹತ್ತಬಹುದು. ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ ಕೂರುತ್ತಾರೆ. ಒಂದು ಗುಂಪಿಗೆ ಮೇಷ್ಟ್ರ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರ್ಧ, ಮತ್ತೆ ಕೆಲವಕ್ಕೆ ಗೆಳೆಯರ ಸಹಾಯ, ಕೊನೆಯದು ಸ್ವಂತ ಕಲಿಕೆ. ಮೇಷ್ಟ್ರು ಕುರ್ಚಿ ಬಿಟ್ಟು ನೆಲದ ಮೇಲೆ ಕೂತರು. ಮುಂದಿನ ಬೆಂಚು, ಹಿಂದಿನ ಬೆಂಚು ಎಂಬುದೇ ಇಲ್ಲವಾಯಿತು. ಗುಂಪು ನಿರ್ಧಾರವಾಗುವುದು ಮಗು ಯಾವ ಮೆಟ್ಟಿಲಲ್ಲಿದೆ ಎಂಬುದರಿಂದ, ಯಾರ ಮನೆಯದು ಎಂಬುದರಿಂದಲ್ಲ. ಗುಳೆ ಹೋಗಿ ಬಂದ ಮಗುವಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇರೆ ಯಾವುದಿದೆ?

2009–10ರಲ್ಲಿ ನಲಿಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ಹಬ್ಬುವಾಗ ಅದರ ಜೀವ ಸ್ವಲ್ಪ ಸೊರಗಿತು. ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಕೂತು ತಮ್ಮ ಊರಿನ ಹಾಡು, ಗಿಡಮರ, ಕೆಲಸಗಳನ್ನು ಕಾರ್ಡುಗಳಿಗೆ ತಂದಿದ್ದರು. ಆಮೇಲೆ ಕಾರ್ಡುಗಳು ಮುದ್ರಣವಾಗಿ ಲಾರಿಯಲ್ಲಿ ಬಂದವು. ಸ್ವತಃ ಮಾಡಿದವರಿಗೆ ಇದ್ದ ಪ್ರೀತಿ, ಆದೇಶ ಬಂದದ್ದಕ್ಕೆ ಮಾಡುವವರಿಗೆ ಬರುವುದು ಕಷ್ಟ. ಇದು ಶಿಕ್ಷಕರ ದೋಷವಲ್ಲ. ಅವರನ್ನು ಪಾಠ ಕಟ್ಟುವವರೆಂದು ಕಾಣದೆ ಪಾಠ ಒಪ್ಪಿಸುವವರೆಂದು ಕಂಡ ಇಲಾಖೆಯ ದೋಷ.

ಸೊರಬದಲ್ಲಿ ಹೀಗೆ ಪಾಠವಾಗಬಲ್ಲ ಸಾಮಗ್ರಿ ಬೇಕಾದಷ್ಟಿದೆ. ದೀವರ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಸಿಂಗರಿಸುವ ಬುಟ್ಟಿ ನೋಡಿದವರಿಗೆ ಇದು ಗೊತ್ತು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಸಮಾನಾಂತರ ರೇಖೆ, ತ್ರಿಭುಜ, ಚೌಕ, ಎಡಬಲ ಒಂದೇ ಆಗಿರುವ ಸಮಮಿತಿ ಎಲ್ಲವೂ ಸ್ಕೇಲು ಮುಟ್ಟದೆ ಬರುತ್ತವೆ. ಐದನೇ ತರಗತಿಯ ಜ್ಯಾಮಿತಿ ಪಾಠಕ್ಕೆ ಊರಿನ ಅಜ್ಜಿಯೊಬ್ಬರನ್ನು ಕರೆಸಿ ಗೋಡೆಯ ಮೇಲೆ ಬರೆಸಿದರೆ, ಅವರ ಮೊಮ್ಮಗಳು ಅಂದು ತರಗತಿಯಲ್ಲಿ ತಲೆಯೆತ್ತಿ ಕೂರುತ್ತಾಳೆ. ಮರುದಿನ ಲಂಬಾಣಿ ಕಸೂತಿ ಬರಲಿ, ಅದರಲ್ಲೂ ಅಷ್ಟೇ ಗಣಿತವಿದೆ. ಗೇಣಿದಾರರ ಮಕ್ಕಳಿಗೆ ಶಾಲೆ ಎಂಬುದು ದೂರದ ಮಾತಾಗಿದ್ದ ಸೀಮೆ ಇದು. 1951ರ ಕಾಗೋಡು ಸತ್ಯಾಗ್ರಹ ಪಕ್ಕದ ಸಾಗರ ತಾಲ್ಲೂಕಿನಲ್ಲಿ ನಡೆಯಿತು, 1974ರಲ್ಲಿ ಉಳುವವನಿಗೆ ಭೂಮಿ ಬಂತು, ಅದರ ಹಿಂದೆ ಶಾಲೆಯ ಚೀಲ ಬಂತು. ಸಮಾಜ ವಿಜ್ಞಾನದ ಪಾಠದಲ್ಲಿ ಈ ಮಕ್ಕಳ ಅಜ್ಜಂದಿರ ಹೋರಾಟ ಒಂದು ಸಾಲಾಗಿ ಬಂದು ಹೋಗುವ ಬದಲು, ಮಕ್ಕಳೇ ಹಿರಿಯರನ್ನು ಕೇಳಿ ಬರೆಯುವ ಕೆಲಸವಾಗಬಾರದೇಕೆ?

ಇನ್ನು ಮೇಷ್ಟ್ರ ಗುರುತು. ಇದರ ಬಗ್ಗೆ ಮಾತು ಕಡಿಮೆ. ಹೊಸದಾಗಿ ಹಳ್ಳಿಗೆ ಬಂದ ಶಿಕ್ಷಕ ಅಥವಾ ಶಿಕ್ಷಕಿ ಬಾಡಿಗೆ ಮನೆ ಕೇಳಿದರೆ ಮೊದಲ ಪ್ರಶ್ನೆ ‘ನೀವು ಯಾವ ಪೈಕಿ?’. ಉತ್ತರ ಹಿಡಿಸದಿದ್ದರೆ ಮನೆ ಖಾಲಿ ಇಲ್ಲ. ಎಷ್ಟೋ ದಲಿತ ಶಿಕ್ಷಕರು ಪಾಠ ಮಾಡುವ ಊರಿನಲ್ಲಿ ಮನೆ ಸಿಗದೆ ತಾಲ್ಲೂಕು ಕೇಂದ್ರದಲ್ಲಿದ್ದು ಬಸ್ಸಿನಲ್ಲಿ ಓಡಾಡುತ್ತಾರೆ. ನಾಲ್ಕು ಗಂಟೆಯ ಬಸ್ಸು ಹಿಡಿಯುವ ಮೇಷ್ಟ್ರಿಗೆ ಊರಿನ ಮೇಲೆ ಅಭಿಮಾನವಿಲ್ಲ ಎಂದು ಅದೇ ಊರಿನವರು ದೂರುತ್ತಾರೆ. ಶಿಕ್ಷಕಿಯರಿಗೆ ಇದರ ಜೊತೆಗೆ ಒಬ್ಬರೇ ಇರುವ ಭಯವೂ ಸೇರುತ್ತದೆ.

ಶಿಕ್ಷಕರ ಜಾತಿ ನೋಡಿ ಅವರ ಮನಸ್ಸು ಅಳೆಯುವುದೂ ಸುಲಭವಲ್ಲ. ರೀಮಾ ಹನ್ನಾ ಮತ್ತು ಲೀ ಲಿಂಡನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತದ ಒಂದು ನಗರದ ಶಿಕ್ಷಕರಿಗೆ ಉತ್ತರಪತ್ರಿಕೆ ಕೊಟ್ಟು, ಮೇಲಿನ ಹಾಳೆಯಲ್ಲಿ ಮಗುವಿನ ಜಾತಿಯನ್ನು ಬದಲಿಸಿ ಬದಲಿಸಿ ನಮೂದಿಸಲಾಯಿತು. ಕೆಳಜಾತಿ ಎಂದಿದ್ದ ಪತ್ರಿಕೆಗಳಿಗೆ ಸ್ವಲ್ಪ ಕಡಿಮೆ ಅಂಕ ಬಂತು. ಆ ಕಡಿಮೆ ಅಂಕಗಳು ಹೆಚ್ಚಾಗಿ ಕೆಳಜಾತಿಯ ಮೌಲ್ಯಮಾಪಕರಿಂದಲೇ ಬಂದಿದ್ದವು. ನಮ್ಮ ಪೈಕಿಯ ಮೇಷ್ಟ್ರು ಬಂದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ‘ಇವರಿಂದ ಇಷ್ಟೇ ಆಗುವುದು’ ಎಂಬ ಭಾವ ಅದಕ್ಕೆ ಗುರಿಯಾದವರ ಎದೆಯಲ್ಲೂ 
ಬೇರುಬಿಟ್ಟಿರುತ್ತದೆ. ಎಲ್ಲ ಸಮುದಾಯದ ಶಿಕ್ಷಕರೂ ಶಾಲೆಯಲ್ಲಿರಬೇಕು, ಅದು ನ್ಯಾಯ. ಅಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ. ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ಸಂಖ್ಯೆ ಇರಬೇಕು ಎಂಬಂಥ ಸಣ್ಣ ನಿಯಮವೂ ಅಷ್ಟೇ ಮುಖ್ಯ.

ಧರ್ಮದ ಗುರುತು ತರಗತಿಯಲ್ಲಿ ಏನು ಮಾಡುತ್ತದೆ ಎಂಬುದನ್ನೂ ಈ ಸೀಮೆ ಹತ್ತಿರದಿಂದಲೇ ಕಂಡಿದೆ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದ ಉಡುಪಿಯಿಂದ ರಾಜ್ಯವಿಡೀ ಹರಡಿದಾಗ, ಶಿರಾಳಕೊಪ್ಪದ ಸರ್ಕಾರಿ ಕಾಲೇಜಿನಲ್ಲಿ ಐವತ್ತಕ್ಕೂ ಹೆಚ್ಚು ವಿದ್ಯಾರ್ಥಿನಿಯರನ್ನು ಅಮಾನತು ಮಾಡಲಾಗಿದೆ ಎಂಬ ಸುದ್ದಿ ಹಬ್ಬಿತು. ಹಾಗೆ ಮಾಡಿಲ್ಲ ಎಂಬ ಸ್ಪಷ್ಟನೆಯೂ ಬಂತು. ಮಾರ್ಚ್ 15ರಂದು ಹೈಕೋರ್ಟ್ ಸಮವಸ್ತ್ರದ ಬಗೆಗಿನ ಸರ್ಕಾರದ ಆದೇಶ ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕಾನೂನಿನ ವಾದ ಏನೇ ಇರಲಿ, ಆ ವರ್ಷ ಗೇಟಿನ ಬಳಿ ಹುಡುಗಿಯರನ್ನು ತಡೆದು ನಿಲ್ಲಿಸುವ ಕೆಲಸ ಉಪನ್ಯಾಸಕರ ಪಾಲಿಗೆ ಬಂತು. ಪಾಠ ಹೇಳುವವರನ್ನು ಗೇಟು ಕಾಯುವವರನ್ನಾಗಿ ಮಾಡಿದ್ದು ಅವರ ಮತ್ತು ವಿದ್ಯಾರ್ಥಿನಿಯರ ಸಂಬಂಧಕ್ಕೆ ಕೆಡುಕು ಮಾಡಿತು.

ಶಿಕ್ಷಕರಿಗೆ ಬಂದ ಇನ್ನೊಂದು ಕೆಲಸವನ್ನೂ ನೆನೆಯಬೇಕು. 2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ಶಿಕ್ಷಕರು ಮೊಬೈಲ್ ಆ್ಯಪ್ ಹಿಡಿದು ಮನೆಮನೆಗೆ ಹೋಗಿ 60 ಪ್ರಶ್ನೆ ಕೇಳಿದರು. ಜಾತಿ, ಉಪಜಾತಿ, ಮಾತೃಭಾಷೆ, ಕುಲಕಸುಬು, ಜಮೀನು. ಕೆಲಸ ಮುಗಿಯದೆ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ಇಂಥ ಸಮೀಕ್ಷೆ ಬೇಕು. ಅಂಕಿಅಂಶವಿಲ್ಲದೆ ಮೀಸಲಾತಿಯ ನ್ಯಾಯ ನಿಲ್ಲುವುದಿಲ್ಲ. ಆದರೆ ಅಷ್ಟು ಮನೆಗಳ ಜಗುಲಿಯಲ್ಲಿ ಕೂತು ಬಂದ ಶಿಕ್ಷಕರಿಗೆ ತಿಳಿದ ಸಂಗತಿಗಳು ಸರ್ವರ್‌ಗೆ ಹೋದವು, ತರಗತಿಗೆ ಬರಲಿಲ್ಲ. ಈ ಮಗುವಿನ ಮನೆಯಲ್ಲಿ ಕನ್ನಡ ಆಡುವುದಿಲ್ಲ, ಆ ಮಗು ನಾಲ್ಕು ತಿಂಗಳು ಊರಿನಲ್ಲೇ ಇರುವುದಿಲ್ಲ ಎಂಬುದನ್ನು ಪಾಠಕ್ಕೆ ಬಳಸಿ ಎಂದು ಯಾರೂ ಅವರಿಗೆ ಹೇಳಲಿಲ್ಲ.

ಸಹಾಯ ಕೊಡುವಾಗ ಜಾತಿ ಕೂಗಲೇಬೇಕೆಂದಿಲ್ಲ, ಅದಕ್ಕೂ ಇಲ್ಲಿನದೇ ಉದಾಹರಣೆಗಳಿವೆ. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಹಣಕಾಸು ಸಚಿವರಾಗಿದ್ದಾಗ 2006–07ರಲ್ಲಿ ತಂದ ಸೈಕಲ್ ಯೋಜನೆ ಬಡ ಹೆಣ್ಣುಮಕ್ಕಳಿಂದ ಶುರುವಾಗಿ ಮುಂದೆ ಎಂಟನೇ ತರಗತಿಯ ಎಲ್ಲರಿಗೂ ಬಂತು. ಒಂದೇ ಬಣ್ಣದ ಸೈಕಲ್ ತುಳಿದುಕೊಂಡು ಬರುವ ಮಕ್ಕಳಲ್ಲಿ ಯಾರು ಯಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. 2013ರ ಕ್ಷೀರಭಾಗ್ಯದ ಹಾಲೂ ಹಾಗೆಯೇ. ಸೊರಬದ ಕುಬಟೂರಿನ ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದಾಗ ತಂದ ಗ್ರಾಮೀಣ ಕೃಪಾಂಕದಿಂದ ಹಳ್ಳಿಯ ಹುಡುಗ ಹುಡುಗಿಯರು ದೊಡ್ಡ ಸಂಖ್ಯೆಯಲ್ಲಿ ಶಿಕ್ಷಕರಾದರು. ಮುಂದೆ ಅದು ನ್ಯಾಯಾಲಯದಲ್ಲಿ ನಿಲ್ಲಲಿಲ್ಲವಾದರೂ, ಹಳ್ಳಿಯ ಮಾತು ಬಲ್ಲ ಮೇಷ್ಟ್ರುಗಳ ಒಂದು ತಲೆಮಾರು ಶಾಲೆಗಳಿಗೆ ಸಿಕ್ಕಿತು.

ಬಂಗಾರಪ್ಪ ಅವರ ಮಗ, ಸೊರಬದ ಶಾಸಕ ಮಧು ಬಂಗಾರಪ್ಪ 2023ರ ಮೇ ತಿಂಗಳಲ್ಲಿ ಶಾಲಾ ಶಿಕ್ಷಣ ಸಚಿವರಾದರು. ಜಡೆ ಹೋಬಳಿಯ ಶಾಲೆಗಳು ಅವರ ಕ್ಷೇತ್ರದವೇ. ಅವರಲ್ಲಿ ಮತ್ತು ಇಲಾಖೆಯಲ್ಲಿ ಕೇಳಬೇಕಾದದ್ದು ಹೆಚ್ಚು ಖರ್ಚಿನದಲ್ಲ. ವಿದ್ಯಾರ್ಥಿವೇತನ ಈಗ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ನೇರ ಖಾತೆಗೆ ಹೋಗುತ್ತದೆ, ಮಕ್ಕಳ ವಿವರ ಇಲಾಖೆಯ ಎಸ್‌ಎಟಿಎಸ್ ಎಂಬ ಆನ್‌ಲೈನ್ ದಾಖಲೆಯಲ್ಲಿದೆ. ಹಾಗಿರುವಾಗ ತರಗತಿಯಲ್ಲಿ ಮಕ್ಕಳನ್ನು ಜಾತಿ ಹೇಳಿ ಎದ್ದು ನಿಲ್ಲಿಸಬಾರದು, ಪೋಷಕರನ್ನು ಬೇರೆಯಾಗಿ ಕರೆದು ಮಾತಾಡಬೇಕು ಎಂಬ ಒಂದು ಸುತ್ತೋಲೆ ಸಾಕು. ದಾಖಲಾತಿಯಲ್ಲಿರುವ ಮಾತೃಭಾಷೆಯ ಕಾಲಂ ಆಧರಿಸಿ, ತಾಂಡಾಗಳ ಹತ್ತಿರದ ಶಾಲೆಗಳಿಗೆ ಗೋರ್ ಬೋಲಿ ಬಲ್ಲ ಒಬ್ಬ ಶಿಕ್ಷಕರನ್ನಾದರೂ, ಅವರು ಸಿಗದ ಕಡೆ ತಾಂಡಾದ್ದೇ ಓದಿದ ಯುವತಿಯನ್ನು ಅತಿಥಿ ಶಿಕ್ಷಕಿಯಾಗಿ ಕೊಡಬೇಕು. ಗುಳೆಯ ತಿಂಗಳುಗಳಲ್ಲಿ ಮಕ್ಕಳು ಊರಿನಲ್ಲೇ ಉಳಿದು ಓದಲು ಋತುಮಾನದ ವಸತಿ ವ್ಯವಸ್ಥೆಯನ್ನು ಶಿಕಾರಿಪುರ, ಸೊರಬಗಳಲ್ಲಿ ಗಟ್ಟಿಗೊಳಿಸಬೇಕು. ನಲಿಕಲಿಯ ಕಾರ್ಡುಗಳನ್ನು ಆಯಾ ತಾಲ್ಲೂಕಿನ ಶಿಕ್ಷಕರೇ ಕೂತು ತಿದ್ದಲು ವರ್ಷಕ್ಕೊಂದು ವಾರ ಕೊಡಬೇಕು. ಬಾಡಿಗೆ ಮನೆ ಸಿಗದ ಶಿಕ್ಷಕರಿಗೆ ಹೋಬಳಿ ಕೇಂದ್ರಗಳಲ್ಲಿ ವಸತಿಗೃಹ ಕಟ್ಟಬೇಕು. ಮೊದಲ ಪ್ರಯೋಗ ಜಡೆಯಲ್ಲೇ ಆಗಲಿ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಶಾಲೆ ತೆರೆಯುವ ಮೊದಲೇ ಆ ಸುತ್ತೋಲೆ ಹೊರಡಲಿ.